ಬರೆಯಲು ಎಲ್ಲಿ, ಯಾವಾಗ ಕುಳಿತುಕೊಳ್ಳಬೇಕು? ವಿಜಯಪುರದ ಕಥೆಗಾರರಿಗೊಂದು ಹೋಲಿಕೆ

ವಿಜಯಪುರ ಮತ್ತು ಸುತ್ತಲಿನ ತಾಲೂಕುಗಳಲ್ಲಿ ಕಥೆ, ಕಾದಂಬರಿ ಬರೆಯುತ್ತಿರುವ ಹಲವರು ಒಂದೇ ಗೊಂದಲವನ್ನು ನನ್ನ ಮುಂದೆ ಇಟ್ಟಿದ್ದಾರೆ. ಬೆಳಿಗ್ಗೆ ಶಾಲೆಗೆ ಹೊರಡುವ ಶಿಕ್ಷಕರು, ಇಡೀ ದಿನ ಬ್ಯಾಂಕಿನ ಕೌಂಟರಿನಲ್ಲಿ ಕೂಡುವವರು, ಮನೆ ಮಕ್ಕಳನ್ನು ನೋಡಿಕೊಳ್ಳುವ ತಾಯಂದಿರು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಲೇ ಕಥೆ ಬರೆಯುವ ಹುಡುಗ ಹುಡುಗಿಯರು, ಇವರೆಲ್ಲರ ಬಳಿ ಬರೆಯಲು ವಿಷಯವಿದೆ. ಆ ವಿಷಯದೊಳಗೆ ಇಳಿದು ಎರಡು ತಾಸು ಅಲ್ಲಿಯೇ ಉಳಿಯಲು ಮಾತ್ರ ಅವರಿಗೆ ಆಗುತ್ತಿಲ್ಲ. ಮನೆಯಲ್ಲಿ ನಸುಕಿಗೆ ಏಳಬೇಕೇ, ರಾತ್ರಿ ಎಚ್ಚರವಿರಬೇಕೇ, ಗ್ರಂಥಾಲಯಕ್ಕೆ ಹೋಗಬೇಕೇ, ಒಂದು ಖೋಲಿ ಬಾಡಿಗೆಗೆ ಹಿಡಿಯಬೇಕೇ, ಅಥವಾ ರಜೆ ಹಾಕಿ ಬಾದಾಮಿಗೋ ಕೂಡಲಸಂಗಮಕ್ಕೋ ಹೋಗಿಬಿಡಬೇಕೇ ಎಂಬ ಪ್ರಶ್ನೆಗೆ ಎಲ್ಲರಿಗೂ ಹೊಂದುವ ಒಂದೇ ಉತ್ತರವಿಲ್ಲವಾದರೂ, ಸರಿಯಾಗಿ ಅಳೆದು ನೋಡಿದರೆ ಪ್ರತಿಯೊಬ್ಬರಿಗೂ ಒಂದು ಉತ್ತರ ಸಿಗುತ್ತದೆ ಎಂಬುದು ನನ್ನ ನಂಬಿಕೆ.

ಅಳೆಯುವುದು ಯಾವುದರಿಂದ?

ಮೊದಲ ಮಾನದಂಡ ತುಂಡಾಗದ ಸಮಯ. ಕಾದಂಬರಿಯ ಅಧ್ಯಾಯವೊಂದಕ್ಕೆ ಕುಳಿತವರು ಮೊದಲ ಇಪ್ಪತ್ತು ಮೂವತ್ತು ನಿಮಿಷಗಳನ್ನು ನಿನ್ನೆ ಬರೆದದ್ದನ್ನು ಓದುವುದರಲ್ಲಿ, ಪಾತ್ರಗಳ ದನಿಯನ್ನು ಮತ್ತೆ ಕಿವಿಗೆ ತಂದುಕೊಳ್ಳುವುದರಲ್ಲಿ ಕಳೆಯುತ್ತಾರೆ. ಅದರ ನಂತರವೇ ನಿಜವಾದ ಬರವಣಿಗೆ ಆರಂಭವಾಗುವುದರಿಂದ, ಮುಕ್ಕಾಲು ತಾಸಿನ ಬಿಡುವು ದೊಡ್ಡ ಕೃತಿಯ ಮೊದಲ ಕರಡಿಗೆ ಸಾಲುವುದಿಲ್ಲ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಪ್ರಕಟಿಸಿದ ಅಧ್ಯಯನವು, ಒಂದು ಕೆಲಸವನ್ನು ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಹಿಂದಿನ ಕೆಲಸದಲ್ಲಿಯೇ ಸಿಕ್ಕಿಕೊಂಡಿರುತ್ತದೆ ಎಂದು ತೋರಿಸಿತು. ಗ್ಯಾಸ್ ಸಿಲಿಂಡರಿನವನಿಗೆ ಬಾಗಿಲು ತೆರೆದು ಬಂದು ಕುಳಿತವರಿಗೆ ಆ ಎರಡು ನಿಮಿಷದ ಕೆಲಸ ಅರ್ಧ ತಾಸನ್ನು ತಿಂದುಹಾಕಿದಂತೆ ಅನ್ನಿಸುವುದು ಇದೇ ಕಾರಣಕ್ಕೆ.

ಎರಡನೆಯದು ಸದ್ದಿನ ಸ್ವರೂಪ. ಎಷ್ಟು ಸದ್ದು ಎಂಬುದಕ್ಕಿಂತ ಎಂಥ ಸದ್ದು ಎಂಬುದು ಬರೆಯುವವರಿಗೆ ಮುಖ್ಯ. 2012ರಲ್ಲಿ ರವಿ ಮೆಹ್ತಾ ಮತ್ತು ಸಂಗಡಿಗರು ನಡೆಸಿದ ಪ್ರಯೋಗಗಳಲ್ಲಿ, 50 ಡೆಸಿಬಲ್‌ನಷ್ಟು ತಗ್ಗಿದ ಸದ್ದಿಗಿಂತ 70 ಡೆಸಿಬಲ್‌ನ ಮಧ್ಯಮ ಸದ್ದಿನಲ್ಲಿ ಜನ ಹೆಚ್ಚು ಹೊಸ ಆಲೋಚನೆಗಳನ್ನು ತೋರಿದರು. 85 ಡೆಸಿಬಲ್‌ಗೆ ಏರಿಸಿದಾಗ ಆ ಲಾಭ ಹೋಯಿತು. ಆದ್ದರಿಂದ ಫ್ಯಾನಿನ ಸದ್ದು, ದೂರದ ರಸ್ತೆಯ ಸದ್ದು ಅಂಥ ಶತ್ರುಗಳೇನಲ್ಲ. ನಮ್ಮನ್ನು ಕೆಡಿಸುವುದು ಅರ್ಥವಾಗುವ ಮಾತು. ಪಕ್ಕದ ಖೋಲಿಯ ಟಿವಿ ಧಾರಾವಾಹಿಯ ಸಂಭಾಷಣೆ ನಾವು ಬರೆಯುತ್ತಿರುವ ಸಂಭಾಷಣೆಯೊಳಕ್ಕೆ ನುಗ್ಗುತ್ತದೆ. ಕಬ್ಬಿನ ಹಂಗಾಮಿನಲ್ಲಿ, ಅಂದರೆ ದೀಪಾವಳಿಯ ಆಸುಪಾಸಿನಿಂದ ಬೇಸಿಗೆಯವರೆಗೆ, ಕಾರ್ಖಾನೆಯ ದಾರಿಯಲ್ಲಿ ಮನೆಯಿರುವವರಿಗೆ ಟ್ರ್ಯಾಕ್ಟರುಗಳ ಮೇಲಿನ ಹಾಡು ನಡುರಾತ್ರಿಯೂ ಬಿಡುವು ಕೊಡುವುದಿಲ್ಲ ಎಂಬುದನ್ನು ಮುಧೋಳ, ಜಮಖಂಡಿ ಕಡೆಯವರಿಗೆ ಹೇಳಿಕೊಡಬೇಕಿಲ್ಲ.

ಮೂರನೆಯದು ನಾಳೆಯೂ ಅಲ್ಲಿಗೆ ಹೋಗಲು ಸಾಧ್ಯವೇ ಎಂಬುದು. ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುವುದು ಇದಕ್ಕೆ. ವರ್ಷಕ್ಕೊಮ್ಮೆ ಸಿಗುವ ಅದ್ಭುತ ಏಕಾಂತಕ್ಕಿಂತ ವಾರಕ್ಕೆ ಐದು ಬಾರಿ ಸಿಗುವ ಸಾಧಾರಣ ಏಕಾಂತದಲ್ಲಿ ಹೆಚ್ಚು ಪುಟಗಳು ಹುಟ್ಟುತ್ತವೆ, ಏಕೆಂದರೆ ಒಂದು ದಿನದ ಅಂತರದಲ್ಲಿ ಕಥೆ ಮನಸ್ಸಿನಲ್ಲಿ ಬೆಚ್ಚಗಿರುತ್ತದೆ, ಹದಿನೈದು ದಿನದ ಅಂತರದಲ್ಲಿ ಆರಿಹೋಗುತ್ತದೆ.

ಇವುಗಳ ಜೊತೆಗೆ ಹಣ ಮತ್ತು ಪ್ರಯಾಣದ ಹೊತ್ತು, ಮನೆಯವರ ಒಪ್ಪಿಗೆ ಮತ್ತು ಸುರಕ್ಷತೆ, ಕೊನೆಗೆ ದೇಹದ ಮಾತು. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಉಷ್ಣಾಂಶ 40 ಡಿಗ್ರಿ ದಾಟುವ ದಿನಗಳು ಸಾಮಾನ್ಯ. ಆರ್‌ಸಿಸಿ ಛಾವಣಿಯ ಕೆಳಗೆ ಮಧ್ಯಾಹ್ನ ಎರಡಕ್ಕೆ ಕುಳಿತು ಬರೆಯುತ್ತೇನೆಂಬ ಯೋಜನೆ ಕಾಗದದ ಮೇಲಷ್ಟೇ ಚಂದ.

ಇನ್ನೊಂದು ವಿಚಾರವನ್ನು ಇಲ್ಲಿಯೇ ಹೇಳಿಬಿಡಬೇಕು. ಬರವಣಿಗೆಯ ಹಂತ ಬದಲಾದಂತೆ ಬೇಕಾದ ಏಕಾಂತವೂ ಬದಲಾಗುತ್ತದೆ. ಮೊದಲ ಕರಡಿಗೆ ದಿನವೂ ಒಂದೇ ಹೊತ್ತು ಬೇಕು. ಇಡೀ ಕಾದಂಬರಿಯನ್ನು ಹರಡಿಕೊಂಡು ಅಧ್ಯಾಯಗಳನ್ನು ಹಿಂದೆ ಮುಂದೆ ಮಾಡುವ ಕೆಲಸಕ್ಕೆ ಕೆಲವು ದಿನಗಳು ಒಟ್ಟಿಗೆ ಬೇಕು. ವಾಕ್ಯ ತಿದ್ದುವುದನ್ನು, ಕಾಗುಣಿತ ನೋಡುವುದನ್ನು ಬಸ್ ನಿಲ್ದಾಣದಲ್ಲಿ ಕುಳಿತೂ ಮಾಡಬಹುದು.

ಮನೆ: ನಸುಕು ಮತ್ತು ರಾತ್ರಿ

ಖರ್ಚಿಲ್ಲದ, ಪ್ರಯಾಣವಿಲ್ಲದ, ಯಾರ ಅನುಮತಿಯೂ ಬೇಡದ ಆಯ್ಕೆ ನಸುಕಿನದು. ನಾಲ್ಕೂವರೆಯಿಂದ ಆರೂವರೆಯವರೆಗೆ ಊರು ಇನ್ನೂ ಮಾತಿಗೆ ತೊಡಗಿರುವುದಿಲ್ಲ. ಬೇಸಿಗೆಯಲ್ಲಿ ಇಪ್ಪತ್ನಾಲ್ಕು ತಾಸಿನಲ್ಲಿ ತಂಪಾಗಿರುವುದೂ ಅದೇ ಹೊತ್ತು. ಮಾಳಿಗೆಯ ಮೇಲೆ ಮಲಗುವ ಮನೆಗಳಲ್ಲಿ ಎಲ್ಲರೂ ಮೇಲಿರುವಾಗ ಕೆಳಗಿನ ಪಡಸಾಲೆ ಪೂರ್ತಿ ಖಾಲಿ ಸಿಗುತ್ತದೆ. ನಾಳೆಯೂ ಸಿಗುತ್ತದೆಯೇ ಎಂಬ ಮಾನದಂಡದಲ್ಲಿ ಇದನ್ನು ಮೀರಿಸುವ ಆಯ್ಕೆ ನನಗೆ ಕಂಡಿಲ್ಲ.

ಆದರೆ ಇದಕ್ಕೆ ತೆರುವ ಬೆಲೆಯೂ ಇದೆ. ರಾತ್ರಿ ಹತ್ತಕ್ಕೆ ಮಲಗದವರಿಗೆ ನಾಲ್ಕೂವರೆಯ ಏಳುವಿಕೆ ಒಂದು ವಾರಕ್ಕಿಂತ ಹೆಚ್ಚು ನಡೆಯುವುದಿಲ್ಲ, ಮತ್ತು ಮನೆಯ ಊಟದ ಹೊತ್ತು, ಟಿವಿಯ ಹೊತ್ತು, ಮಕ್ಕಳ ಮನೆಪಾಠದ ಹೊತ್ತು ಎಲ್ಲವೂ ಹಿಂದಕ್ಕೆ ಸರಿಯಬೇಕಾಗುತ್ತದೆ. ನಳ ಬರುವ ದಿನ ಯಾವ ಯೋಜನೆಯೂ ನಡೆಯದು: ಕೆಲವು ದಿನಗಳಿಗೊಮ್ಮೆ ನೀರು ಬಿಡುವ ಓಣಿಗಳಲ್ಲಿ ಆ ನಸುಕು ಕೊಡ, ಬ್ಯಾರೆಲ್, ಮೋಟಾರುಗಳದ್ದು. ಆ ದಿನವನ್ನು ಮೊದಲೇ ಗುರುತಿಸಿಟ್ಟು, ತಿದ್ದುವ ಕೆಲಸಕ್ಕೆ ಬಿಟ್ಟುಕೊಡುವುದು ಜಾಣತನ. ಮನೆಯ ಹೆಂಗಸರ ಪಾಲಿಗೆ ಈ ಆಯ್ಕೆಯಲ್ಲಿ ಇನ್ನೊಂದು ತೊಡಕಿದೆ. ಗಂಡಸು ನಸುಕಿನಲ್ಲಿ ಎದ್ದು ಕುಳಿತರೆ ಬರೆಯುತ್ತಿದ್ದಾನೆಂದು ಮನೆ ಸುಮ್ಮನಿರುತ್ತದೆ; ಹೆಣ್ಣುಮಗಳು ಎದ್ದು ಕುಳಿತರೆ, ಎದ್ದಿದ್ದಾಳಲ್ಲ, ಚಹಾ ಆಗಲಿ ಎಂಬ ದನಿ ಮೇಲಿಂದ ಬರುತ್ತದೆ. ಇದು ನ್ಯಾಯವಲ್ಲ. ಆರೂವರೆಯ ಒಳಗೆ ಒಲೆ ಹಚ್ಚುವುದಿಲ್ಲವೆಂದು ಮನೆಯವರೊಡನೆ ನೇರವಾಗಿ ಮಾತಾಡಿ ಒಪ್ಪಿಸದ ಹೊರತು, ನಸುಕಿನ ಆಯ್ಕೆಯನ್ನು ಅವರಿಗೆ ಸೂಚಿಸಲು ನನಗೆ ಮನಸ್ಸು ಬರುವುದಿಲ್ಲ.

ರಾತ್ರಿಯ ಬರವಣಿಗೆಗೆ ಪರಂಪರೆಯ ಆಕರ್ಷಣೆ ಹೆಚ್ಚು, ಫಲ ಕಡಿಮೆ ಎಂದು ನಾನು ಭಾವಿಸುತ್ತೇನೆ. ದಿನವಿಡೀ ದುಡಿದ ಮನಸ್ಸಿನಲ್ಲಿ ಆ ದಿನದ ಜಗಳ, ಲೆಕ್ಕ, ಮಾತು ಎಲ್ಲ ಕುಳಿತಿರುತ್ತವೆ. ಸಹಜವಾಗಿಯೇ ಹನ್ನೊಂದರ ನಂತರ ಅರಳುವ ಮನಸ್ಸಿನವರಿಗೆ, ಬೆಳಿಗ್ಗೆ ತಡವಾಗಿ ಕೆಲಸಕ್ಕೆ ಹೋಗುವವರಿಗೆ ಮಾತ್ರ ಇದು ಸರಿ.

ಗ್ರಂಥಾಲಯ ಮತ್ತು ತಿಂಗಳ ಬಾಡಿಗೆಯ ಕುರ್ಚಿ

ಸಾರ್ವಜನಿಕ ಗ್ರಂಥಾಲಯದ ಓದುವ ಕೊಠಡಿಗೆ ಹಣ ಕೊಡಬೇಕಿಲ್ಲ, ಅಲ್ಲಿ ಕುಳಿತವರನ್ನು ಯಾರೂ ಪ್ರಶ್ನಿಸುವುದೂ ಇಲ್ಲ. ಆದರೆ ಅದು ತೆರೆಯುವ ಹೊತ್ತು ನೌಕರಿಯ ಹೊತ್ತಿಗೇ ಬಹುಪಾಲು ಹೊಂದುತ್ತದೆ, ಸೋಮವಾರ ಸಾಮಾನ್ಯವಾಗಿ ಮುಚ್ಚಿರುತ್ತದೆ, ಮುಂಜಾನೆ ಪತ್ರಿಕೆ ಓದುವ ಹಿರಿಯರ ರಾಜಕೀಯ ಚರ್ಚೆ ಪಿಸುಮಾತಿನಲ್ಲಿ ನಡೆದರೂ ಕಿವಿಗೆ ಬೀಳುತ್ತದೆ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಶಾಲೆ ಬಿಟ್ಟ ಮೇಲೆ ಮಕ್ಕಳಿಂದ ತುಂಬಿರಬೇಕಾದ ಜಾಗ ಅದು, ತುಂಬಿದ್ದರೆ ಸಂತೋಷ, ಬರೆಯಲು ಮಾತ್ರ ಅಲ್ಲಿ ಮಧ್ಯಾಹ್ನಕ್ಕಿಂತ ಮೊದಲೇ ಹೋಗಬೇಕು.

ಐತಿಹಾಸಿಕ ವಸ್ತುವನ್ನು ಎತ್ತಿಕೊಂಡವರಿಗೆ ವಿಜಯಪುರ ಬೇರೆ ಊರುಗಳಿಗಿಲ್ಲದ ಅನುಕೂಲ ಕೊಡುತ್ತದೆ. ಬಿಎಲ್‌ಡಿಇ ಸಂಸ್ಥೆಯ ಫ.ಗು. ಹಳಕಟ್ಟಿ ಸಂಶೋಧನ ಕೇಂದ್ರವಿದೆ. ವಚನಗಳನ್ನು ಊರೂರು ತಿರುಗಿ ಸಂಗ್ರಹಿಸಿ, ಅಚ್ಚು ಹಾಕಲು 1925ರಲ್ಲಿ ಇದೇ ಊರಿನಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದ ಹಳಕಟ್ಟಿಯವರ ಕೆಲಸದ ಜಾಡು ಇಲ್ಲಿದೆ. ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಗ್ರಂಥಾಲಯ ಅಲ್ಲಿಯ ವಿದ್ಯಾರ್ಥಿನಿಯರಿಗೆ ದೊಡ್ಡ ಆಸರೆ. ಆದರೆ ಆಕರ ಹುಡುಕುವ ಸ್ಥಳದಲ್ಲಿ ಕರಡು ಬರೆಯಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ಕೈಗೆ ಎಟಕುವಷ್ಟು ಹತ್ತಿರ ಪುಸ್ತಕದ ಕಪಾಟು ಇದ್ದಾಗ, ಆದಿಲಶಾಹಿ ಕಾಲದ ಪೇಟೆಯಲ್ಲಿ ಯಾವ ಬಟ್ಟೆ ಮಾರುತ್ತಿದ್ದರು ಎಂಬ ಸಣ್ಣ ಅನುಮಾನ ಇಡೀ ಮಧ್ಯಾಹ್ನವನ್ನು ನುಂಗುತ್ತದೆ ಮತ್ತು ಪುಟ ಅಲ್ಲಿಯೇ ನಿಲ್ಲುತ್ತದೆ. ಅನುಮಾನವನ್ನು ಅಂಚಿನಲ್ಲಿ ಗುರುತು ಹಾಕಿ ಮುಂದೆ ಹೋಗುವುದು ಮನೆಯಲ್ಲಿ ಸುಲಭ.

ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರಿಗಾಗಿ ನಗರದಲ್ಲಿ ತೆರೆದಿರುವ ಖಾಸಗಿ ವಾಚನಾಲಯಗಳನ್ನು ಬರಹಗಾರರು ಇನ್ನೂ ಗಂಭೀರವಾಗಿ ನೋಡಿಲ್ಲವೆಂಬುದು ನನಗೆ ಆಶ್ಚರ್ಯ. ತಿಂಗಳಿಗೆ ಕೆಲವು ನೂರು ರೂಪಾಯಿಯಿಂದ ಸಾವಿರದ ಆಸುಪಾಸಿನ ಬಾಡಿಗೆಗೆ ಒಂದು ಕುರ್ಚಿ, ಅಡ್ಡ ಹಲಗೆ ಇರುವ ಮೇಜು, ದೀಪ, ಕರೆಂಟ್ ಹೋದರೆ ಇನ್‌ವರ್ಟರ್, ಕುಡಿಯುವ ನೀರು ಸಿಗುತ್ತವೆ. ಹಲವು ನಸುಕಿನಿಂದ ತಡರಾತ್ರಿಯವರೆಗೆ ತೆರೆದಿರುತ್ತವೆ. ಸುತ್ತಲೂ ತಲೆ ಎತ್ತದೆ ಓದುತ್ತಿರುವ ಯುವಕ ಯುವತಿಯರ ನಡುವೆ ಕುಳಿತಾಗ ನಾವೂ ಎದ್ದು ಹೋಗಲು ನಾಚುತ್ತೇವೆ. ಈ ನಾಚಿಕೆ ಬರವಣಿಗೆಗೆ ತುಂಬ ಉಪಕಾರಿ. ಹೆಣ್ಣುಮಕ್ಕಳಿಗೆ ಪ್ರತ್ಯೇಕ ಕೊಠಡಿ ಅಥವಾ ಸಾಲು ಇರುವ ಕಡೆಗಳಲ್ಲಿ ಮನೆಯವರ ಒಪ್ಪಿಗೆಯೂ ಬೇಗ ಸಿಗುತ್ತದೆ.

ಇಲ್ಲಿಯ ಕೊರತೆಗಳನ್ನೂ ತಿಳಿದಿರಬೇಕು. ಸಂಭಾಷಣೆಯನ್ನು ಬಾಯಿಬಿಟ್ಟು ಓದಿ ಕಿವಿಗೆ ಒಪ್ಪಿಸಿಕೊಳ್ಳುವ ಅಭ್ಯಾಸದವರಿಗೆ ಅಲ್ಲಿ ಅವಕಾಶವಿಲ್ಲ. ಲ್ಯಾಪ್‌ಟಾಪಿನ ಕೀಲಿಗಳ ಸದ್ದಿಗೂ ಪಕ್ಕದವರು ಮುಖ ತಿರುಗಿಸುತ್ತಾರೆ, ಆದ್ದರಿಂದ ಕೈಬರಹದವರಿಗೆ ಇದು ಹೆಚ್ಚು ಹೊಂದುತ್ತದೆ. ದೊಡ್ಡ ಪರೀಕ್ಷೆಯೊಂದರ ಅಧಿಸೂಚನೆ ಬಂದ ಮೇಲೆ ಕುರ್ಚಿಗಳು ಖಾಲಿ ಇರುವುದಿಲ್ಲ. ಬಿಡುವಿನ ತಿಂಗಳಲ್ಲಿಯೇ ಸೇರಿಕೊಂಡು ಜಾಗ ಉಳಿಸಿಕೊಳ್ಳಬೇಕಾಗುತ್ತದೆ. ಸೇರುವ ಮೊದಲು ಒಂದು ದಿನ ಮಧ್ಯಾಹ್ನ ಮೂರಕ್ಕೆ ಹೋಗಿ ಕುಳಿತು ನೋಡಿ. ಸೆಕೆ, ಗಾಳಿ, ಪಿಸುಮಾತು ಮೂರೂ ಆ ಹೊತ್ತಿನಲ್ಲಿ ತಿಳಿಯುತ್ತವೆ.

ಸ್ವಂತದ್ದೊಂದು ಖೋಲಿ

ಕೈಯಲ್ಲಿ ಹಣವಿರುವವರು ಮೊದಲು ಯೋಚಿಸುವುದು ಬೇರೊಂದು ಖೋಲಿಯ ಬಗ್ಗೆ. ಬಾಗಿಲು ಹಾಕಿಕೊಂಡರೆ ಯಾರೂ ಬರುವುದಿಲ್ಲ, ಹಾಳೆಗಳನ್ನು ನೆಲದ ಮೇಲೆ ಹರಡಿಟ್ಟು ಹೋದರೆ ಮರುದಿನ ಹಾಗೆಯೇ ಇರುತ್ತವೆ, ಗಟ್ಟಿಯಾಗಿ ಓದಿದರೂ ಕೇಳುವವರಿಲ್ಲ. ಕಾದಂಬರಿಯ ಎರಡನೇ ಕರಡಿನಲ್ಲಿರುವವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಮುಂಗಡ, ತಿಂಗಳ ಬಾಡಿಗೆ, ಲೈಟ್ ಬಿಲ್ಲು ಸೇರಿದರೆ ವಾಚನಾಲಯದ ಕುರ್ಚಿಗಿಂತ ಹಲವು ಪಟ್ಟು ಖರ್ಚು ಎಂಬುದು ಒಂದು ತೊಡಕು. ಮನೆಯಿದ್ದೂ ಖೋಲಿ ಯಾಕೆ ಹಿಡಿದಿದ್ದಾರೆ ಎಂಬ ಓಣಿಯ ಕುತೂಹಲ ಇನ್ನೊಂದು. ಒಂಟಿ ಹೆಣ್ಣುಮಗಳಿಗೆ ಈ ಎರಡನೆಯದು ಮೊದಲನೆಯದಕ್ಕಿಂತ ಭಾರವಾಗಿ ಬೀಳುತ್ತದೆ. ನನ್ನ ಸಲಹೆ, ಇಬ್ಬರು ಮೂವರು ಬರೆಯುವವರು ಸೇರಿ ಒಂದೇ ಖೋಲಿ ಹಿಡಿದು, ನಸುಕು, ಮಧ್ಯಾಹ್ನ, ಸಂಜೆ ಎಂದು ಹೊತ್ತು ಹಂಚಿಕೊಳ್ಳುವುದು. ಖರ್ಚು ಮೂರು ಪಾಲಾಗುತ್ತದೆ, ಒಬ್ಬರ ಹೊತ್ತಿನಲ್ಲಿ ಇನ್ನೊಬ್ಬರು ಬಾಗಿಲು ತಟ್ಟಬಾರದೆಂಬ ಒಂದೇ ಕಟ್ಟಳೆ ಸಾಕು. ಎಲ್ಲರೂ ಒಂದೇ ಹೊತ್ತಿಗೆ ಸೇರಿದರೆ ಅದು ಹರಟೆಯ ಕಟ್ಟೆಯಾಗುತ್ತದೆ, ಅದಕ್ಕೆ ಬಾಡಿಗೆ ಕೊಡಬೇಕಿಲ್ಲ.

ಹೊಲದಲ್ಲಿ ಮನೆಯಿರುವ ಸಂಬಂಧಿಕರಿದ್ದರೆ ತೋಟದ ವಸ್ತಿಯೂ ನೆನಪಾಗುತ್ತದೆ. ತಿಕೋಟಾ ಕಡೆಯ ದ್ರಾಕ್ಷಿ ತೋಟಗಳಲ್ಲಿ, ಇಂಡಿಯ ಲಿಂಬೆ ತೋಟಗಳಲ್ಲಿ ಮಧ್ಯಾಹ್ನದ ಮೌನ ನಗರದಲ್ಲಿ ಕಲ್ಪಿಸಿಕೊಳ್ಳಲಾಗದ್ದು, ಫೋನಿನ ಸಿಗ್ನಲ್ ಸಿಗದಿದ್ದರೆ ಇನ್ನೂ ಒಳ್ಳೆಯದು. ಆದರೆ ನಮ್ಮ ಭಾಗದ ಆತಿಥ್ಯದಲ್ಲಿ ಅತಿಥಿಯನ್ನು ಒಂಟಿಯಾಗಿ ಬಿಡುವುದು ಮರ್ಯಾದೆಗೆ ಕಡಿಮೆ; ಕಾಕಾ, ಮಾಮಾ ಎದುರು ಕುಳಿತು ಮಳೆ, ದರ, ಬೋರ್‌ವೆಲ್ಲಿನ ಮಾತು ತೆಗೆದರೆ ಹಾಳೆ ಮಡಚಲೇಬೇಕು. ದ್ರಾಕ್ಷಿ ಬಳ್ಳಿ ಸವರುವ ಚಾಟಣಿಯ ದಿನಗಳಲ್ಲಿ, ಕಟಾವಿನ ದಿನಗಳಲ್ಲಿ ಹೋದರೆ ಅವರಿಗೂ ತೊಂದರೆ. ಮೂರು ದಿನಕ್ಕಿಂತ ಹೆಚ್ಚು ಇದನ್ನು ನೆಚ್ಚಬಾರದು.

ಸ್ಮಾರಕಗಳ ನೆರಳಿನ ಬಗ್ಗೆ ಕೇಳುವವರಿಗೆ ಎರಡು ಮಾತು. ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ಒಬ್ಬರ ಚಪ್ಪಾಳೆ ಮತ್ತೆ ಮತ್ತೆ ಮರಳಿ ಬರುವಾಗ ಬರವಣಿಗೆಯ ಮಾತೇ ಬೇಡ. ಇಬ್ರಾಹಿಂ ರೋಜಾದ ಹುಲ್ಲುಹಾಸಿನಲ್ಲಿ, ವಾರದ ನಡುವಿನ ಮುಂಜಾನೆ, ಟಿಪ್ಪಣಿ ಪುಸ್ತಕದೊಡನೆ ಒಂದು ತಾಸು ಕುಳಿತರೆ ಕವಿತೆಯ ಸಾಲುಗಳು, ಕಥೆಯ ಎಳೆ ಹೊಳೆಯಬಹುದು. ದಿನನಿತ್ಯದ ದುಡಿಮೆಗೆ ಅದು ಜಾಗವಲ್ಲ.

ದೂರ ಹೋಗುವುದು

ಬಾದಾಮಿ ಎಲ್ಲರ ಕನಸು. ವಿಜಯಪುರದಿಂದ ಆಲಮಟ್ಟಿ, ಬಾಗಲಕೋಟೆಯ ಮೇಲೆ ನೇರ ರೈಲಿದೆ, ಸುಮಾರು ಮೂರು ತಾಸಿನ ದಾರಿ. ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೋಗುವ ಹೆಣ್ಣುಮಕ್ಕಳಿಗೆ 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಟಿಕೆಟಿನ ಖರ್ಚೂ ಇಲ್ಲ. ಅಗಸ್ತ್ಯ ತೀರ್ಥದ ದಂಡೆ, ಭೂತನಾಥ ದೇವಾಲಯದ ಕಟ್ಟೆ, ಕೆಂಪು ಬಂಡೆಗಳು ಯಾರ ಮನಸ್ಸನ್ನಾದರೂ ನಿಲ್ಲಿಸುತ್ತವೆ. ಹೀಗಿದ್ದೂ ಕಾದಂಬರಿಯನ್ನು ಆರಂಭಿಸಲು ಬಾದಾಮಿಗೆ ಹೋಗಬೇಡಿ ಎಂದೇ ನಾನು ಹೇಳುವುದು. ಖಾಲಿ ಹಾಳೆಯೊಡನೆ ಹೋದವರಿಗೆ ಮೊದಲ ದಿನ ಗುಹೆ, ಎರಡನೇ ದಿನ ಪಟ್ಟದಕಲ್ಲು, ಮೂರನೇ ದಿನ ಐಹೊಳೆ ಕರೆಯುತ್ತವೆ. ಕೊನೆಗೆ ಪ್ರವಾಸವಾಗುತ್ತದೆ, ಬರವಣಿಗೆಯಾಗುವುದಿಲ್ಲ. ಮೊದಲ ಕರಡು ಮುಗಿದು, ಇನ್ನೂರು ಪುಟ ಕೈಯಲ್ಲಿದ್ದು, ಅದರ ಅಂಗಾಂಗ ಜೋಡಿಸುವ ಕೆಲಸ ಎದುರಿರುವಾಗ ಹೋದರೆ, ನಾಲ್ಕು ದಿನಗಳಲ್ಲಿ ಮನೆಯ ನಾಲ್ಕು ತಿಂಗಳ ಕೆಲಸ ಆಗುವುದುಂಟು.

ಹೋಗುವವರು ಕೆಲವನ್ನು ಗಮನಿಸಬೇಕು. ರೈಲು ನಿಲ್ದಾಣ ಊರಿನಿಂದ ಐದು ಕಿಲೋಮೀಟರಿನಷ್ಟು ದೂರದಲ್ಲಿದೆ. ಮುಖ್ಯರಸ್ತೆಯ ಕಡೆಗೆ ಕಿಟಕಿಯಿರುವ ಲಾಡ್ಜಿನ ಕೋಣೆ ಬೇಡ, ಹಿಂಬದಿಯದನ್ನು ಕೇಳಿ ಪಡೆಯಿರಿ. ಡಿಸೆಂಬರ್, ಜನವರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳು, ಪುಷ್ಯ ಮಾಸದಲ್ಲಿ ಬನಶಂಕರಿ ಜಾತ್ರೆ ಊರನ್ನು ತುಂಬುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಬಂಡೆಗಳೇ ಕಾಯುತ್ತವೆ. ಮಳೆಗಾಲದ ಜುಲೈ, ಆಗಸ್ಟ್‌ನ ವಾರದ ದಿನಗಳು ಉತ್ತಮ. ಹಸ್ತಪ್ರತಿಯನ್ನು ಗುಹೆಗಳ ಕಡೆ ಒಯ್ಯಲೇಬೇಡಿ, ಅಲ್ಲಿಯ ಮಂಗಗಳು ಕೈಚೀಲಕ್ಕೆ ಕೈ ಹಾಕುತ್ತವೆ.

ಕೂಡಲಸಂಗಮ ಇದಕ್ಕಿಂತ ಅಗ್ಗ, ನೋಡುವ ಆಮಿಷವೂ ಕಡಿಮೆ. ಕೃಷ್ಣೆ, ಮಲಪ್ರಭೆ ಕೂಡುವ ದಂಡೆಯಲ್ಲಿ ವಾರದ ದಿನಗಳ ಮಧ್ಯಾಹ್ನ ಶಾಂತವಾಗಿರುತ್ತದೆ. ಜನವರಿಯ ಶರಣ ಮೇಳದ ದಿನಗಳನ್ನು ಬಿಡಬೇಕು. ಸಂಜೆಯ ನಂತರ ಊಟಕ್ಕೆ ಆಯ್ಕೆಗಳು ಕಡಿಮೆಯೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡು ಹೋಗಿ. ಬೆಳಗಾವಿಯ ಕಡೆ ಹೋಗುವವರು ಡಿಸೆಂಬರಿನಲ್ಲಿ ಸುವರ್ಣ ವಿಧಾನಸೌಧದ ಅಧಿವೇಶನದ ದಿನಗಳನ್ನು ತಪ್ಪಿಸಲಿ, ಕೋಣೆಗಳೂ ಸಿಗುವುದಿಲ್ಲ, ಸಿಕ್ಕರೂ ದುಬಾರಿ.

ಯಾರಿಗೆ ಯಾವುದು

ಹಣವೇ ಇಲ್ಲದೆ, ನಿಯಮಿತ ನೌಕರಿಯಿರುವವರು ನಸುಕನ್ನು ಆರಿಸಿಕೊಳ್ಳಲಿ. ಮನೆಯಲ್ಲಿ ಸಣ್ಣ ಮಕ್ಕಳಿರುವ ತಾಯಿಗೆ ಮಕ್ಕಳು ಶಾಲೆಯಲ್ಲಿರುವ ಹೊತ್ತಿನ ವಾಚನಾಲಯದ ಕುರ್ಚಿಯನ್ನೇ ನಾನು ಮೊದಲು ಸೂಚಿಸುವುದು. ಮನೆಯ ಹೊಸ್ತಿಲು ದಾಟುವುದೇ ಅವರಿಗೆ ಅರ್ಧ ಏಕಾಂತ, ಆ ತಿಂಗಳ ಬಾಡಿಗೆಯನ್ನು ಮನೆಯ ಖರ್ಚಿನೊಳಗೆ ಸೇರಿಸಲು ಸಂಕೋಚಪಡಬೇಕಿಲ್ಲ. ನಿವೃತ್ತರಿಗೆ, ಮಧ್ಯಾಹ್ನ ಬಿಡುವಿರುವವರಿಗೆ ಮಳೆಗಾಲದಿಂದ ಚಳಿಗಾಲದವರೆಗೆ ಸಾರ್ವಜನಿಕ ಗ್ರಂಥಾಲಯ, ಬೇಸಿಗೆಯಲ್ಲಿ ನಸುಕು. ಹಳ್ಳಿಯಲ್ಲಿದ್ದು ನಗರಕ್ಕೆ ದಿನವೂ ಬರಲಾಗದವರು ಪ್ರಯಾಣಕ್ಕೆ ಹೊತ್ತು ಕಳೆಯದೆ ಮನೆಯಲ್ಲಿಯೇ ಒಂದು ಮೂಲೆ ಗುರುತಿಸಿಕೊಳ್ಳುವುದು ಲೇಸು. ಕರಡು ಮುಗಿಸಿದವರು ಹಣ ಕೂಡಿಟ್ಟು ವರ್ಷಕ್ಕೊಮ್ಮೆ ಬಾದಾಮಿಗೆ ಹೋಗಲಿ, ಅದು ದಂಡದ ಖರ್ಚಲ್ಲ.

ಎಲ್ಲಿಯೇ ಕುಳಿತರೂ ಫೋನು ಇನ್ನೊಂದು ಖೋಲಿಯಲ್ಲಿರಲಿ. ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಫೋನನ್ನು ಬೇರೆ ಕೋಣೆಯಲ್ಲಿಟ್ಟವರು ಮೇಜಿನ ಮೇಲಿಟ್ಟುಕೊಂಡವರಿಗಿಂತ ನೆನಪು ಮತ್ತು ತರ್ಕದ ಪರೀಕ್ಷೆಗಳಲ್ಲಿ ಉತ್ತಮವಾಗಿದ್ದರು. ಆಮೇಲಿನ ಎಲ್ಲ ಪ್ರಯೋಗಗಳಲ್ಲಿ ಅದೇ ಫಲ ಬರಲಿಲ್ಲವೆಂಬುದೂ ನಿಜ. ಆದರೆ ಕೈಗೆ ಎಟಕದ ಫೋನನ್ನು ತೆರೆಯಲು ಎದ್ದು ಹೋಗಬೇಕಾಗುತ್ತದೆ ಎಂಬುದಕ್ಕೆ ಪ್ರಯೋಗ ಬೇಕಿಲ್ಲ. ಫೋನಿನಲ್ಲಿಯೇ ಬರೆಯುವ ಯುವಕರು ಮೊದಲ ಕರಡಿನ ಮಟ್ಟಿಗಾದರೂ ನೋಟುಬುಕ್ಕಿಗೆ ಬರಲಿ, ಆಮೇಲೆ ನುಡಿ ತಂತ್ರಾಂಶದಲ್ಲೋ ಯೂನಿಕೋಡಿನಲ್ಲೋ ಟೈಪ್ ಮಾಡುವಾಗ ಎರಡನೇ ಕರಡು ತಾನಾಗಿಯೇ ಆಗುತ್ತದೆ.

ಬಾಡಿಗೆಗೆ, ಪ್ರಯಾಣಕ್ಕೆ ಹಣ ಹಾಕುವ ಮೊದಲು ಎರಡು ವಾರ ಈಗಿರುವ ಜಾಗದಲ್ಲಿಯೇ ಕುಳಿತು, ಪ್ರತಿ ದಿನ ಒಂದೇ ಸಾಲು ಬರೆದಿಡಿ: ಎಷ್ಟಕ್ಕೆ ಕುಳಿತೆ, ಮೊದಲ ಅಡ್ಡಿ ಎಷ್ಟಕ್ಕೆ ಬಂತು, ಅದು ಯಾರಿಂದ ಅಥವಾ ಯಾವುದರಿಂದ. ಎರಡು ವಾರದ ಸಾಲುಗಳಲ್ಲಿ ಮನೆಯವರ ಹೆಸರೇ ಹೆಚ್ಚು ಕಂಡರೆ ಹೊರಗಿನ ಕುರ್ಚಿಗೆ ಹಣ ಕೊಡುವುದು ಸರಿ. ಸೆಕೆ, ಕರೆಂಟು, ನಳದ ನೀರು ಕಂಡರೆ ಜಾಗ ಬದಲಿಸದೆ ಹೊತ್ತನ್ನು ಬದಲಿಸಿ ನೋಡಿ. ಫೋನೇ ಹೆಚ್ಚು ಕಂಡರೆ ಬಾದಾಮಿಯ ಕೋಣೆಗೂ ಅದು ನಿಮ್ಮೊಡನೆ ಬರುವುದರಿಂದ, ಮುಂಗಡ ಕೊಡುವುದನ್ನು ಸದ್ಯಕ್ಕೆ ನಿಲ್ಲಿಸಿ, ಇನ್ನೆರಡು ವಾರ ಅದನ್ನು ದೂರವಿಟ್ಟು ಅದೇ ಮೇಜಿನಲ್ಲಿ ಕುಳಿತುಕೊಳ್ಳಿ.